ಮರದಣಬೆ ಗುರುತಿಸಲು ಐನ್ಯಾಚುರಲಿಸ್ಟ್: ಅಡಿಭಾಗ ತೋರಿಸದಿದ್ದರೆ ಹೆಸರು ಸಿಗದು

ಆರಿದ್ರಾ ಮಳೆ ಹಿಡಿದು ಹದಿನೈದು ದಿನ ಕಳೆದರೆ ಸಾಕು, ಮಲೆನಾಡಿನ ಕಾನಿನಲ್ಲಿ ಬಿದ್ದ ಮರಗಳಿಗೆ, ಕುಂಬು ಹಿಡಿದ ಬೊಡ್ಡೆಗಳಿಗೆ ಸಾಲುಸಾಲಾಗಿ ಕಿವಿ ಮೂಡುತ್ತವೆ. ಇವು ಕೊಡೆಯಂತೆ ಅರಳಿ ಎರಡು ದಿನಕ್ಕೆ ಕರಗಿಹೋಗುವ ನಾಯಿಕೊಡೆಗಳಲ್ಲ. ತೊಗಲಿನ ಹಾಗೆ ಬಿಗಿಯಾಗಿ, ಕೆಲವಂತೂ ಮರದಷ್ಟೇ ಗಟ್ಟಿಯಾಗಿ, ಗೋಡೆಗೆ ಹೊಡೆದ ಹಲಗೆಯಂತೆ ಕಾಂಡದಿಂದ ಚಾಚಿಕೊಳ್ಳುವ ಮರದಣಬೆಗಳು. ಇಂಗ್ಲಿಷ್ ಬಲ್ಲವರು ಬ್ರಾಕೆಟ್ ಫಂಗಸ್ ಎನ್ನುತ್ತಾರೆ. ಇವುಗಳ ಹೆಸರು ತಿಳಿಯಲು ಈಗ ಹೆಚ್ಚಿನವರು ತೆರೆಯುವುದು ಐನ್ಯಾಚುರಲಿಸ್ಟ್ ಆ್ಯಪ್. ಹಕ್ಕಿ, ಚಿಟ್ಟೆ, ಹೂಗಿಡಗಳ ವಿಷಯದಲ್ಲಿ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಬಹಳ ಜನ ಬರೆದಿದ್ದಾರೆ. ಮರದಣಬೆಗೆ ಅದನ್ನು ಬಳಸುವ ಕ್ರಮ ಬೇರೆ. ಆ ಕ್ರಮ ಗೊತ್ತಿಲ್ಲದೆ ತಪ್ಪು ಹೆಸರು ಪಡೆದು ಖುಷಿಪಡುವವರೇ ಹೆಚ್ಚು. ಹಾಗಾಗಿ ಈ ವಿಮರ್ಶೆ ಮರದಣಬೆಗೆ ಮಾತ್ರ ಸೀಮಿತ.

ಮೊದಲು ಸೇವೆಯ ಬಗ್ಗೆ ನಾಲ್ಕು ಮಾತು. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಶುರುವಾದದ್ದು, 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆ. ಹಣ ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಫೋಟೋ ಹಾಕಿದರೆ ಎರಡು ಕಡೆಯಿಂದ ಉತ್ತರ ಬರುತ್ತದೆ: ತಕ್ಷಣ ಕಂಪ್ಯೂಟರ್ ಕೊಡುವ ಸಲಹೆ, ಆಮೇಲೆ ಮನುಷ್ಯರು ಕೊಡುವ ಅಭಿಪ್ರಾಯ. ಕನಿಷ್ಠ ಇಬ್ಬರು ಹೆಸರು ಸೂಚಿಸಿ, ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದಕ್ಕೆ ಒಪ್ಪಿದರೆ ಆ ದಾಖಲೆಗೆ ‘ರಿಸರ್ಚ್ ಗ್ರೇಡ್’ ಮುದ್ರೆ ಬೀಳುತ್ತದೆ. ಲೈಸೆನ್ಸ್ ಮುಕ್ತವಾಗಿದ್ದರೆ ಅಲ್ಲಿಂದ ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಭಂಡಾರಕ್ಕೂ ಹೋಗುತ್ತದೆ. ಅಂದರೆ ಆಗುಂಬೆಯ ದಾರಿಬದಿಯಲ್ಲಿ ಒಬ್ಬರು ಅವಸರದಲ್ಲಿ ಇಟ್ಟ ತಪ್ಪು ಹೆಸರು, ಇನ್ನೊಬ್ಬರು ಹಾಗೇ ‘ಅಗ್ರೀ’ ಒತ್ತಿಬಿಟ್ಟರೆ, ಸಂಶೋಧಕರ ನಕ್ಷೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಎಚ್ಚರ ಬೇಕಿರುವುದು ಇದಕ್ಕೇ.

ಕಂಪ್ಯೂಟರ್ ಸಲಹೆ ಎಲ್ಲಿ ಎಡವುತ್ತದೆ? ಅದು ಕಲಿತಿರುವುದು ಜನ ಹಾಕಿದ ಫೋಟೋಗಳಿಂದ. ಜನ ತೆಗೆಯುವುದು ಮೇಲ್ಭಾಗದ ಫೋಟೋ. ಮರದಣಬೆಯ ಗುರುತು ಇರುವುದು ಅಡಿಯಲ್ಲಿ. ಮೇಲಿನ ಬಣ್ಣ, ಬಳೆಬಳೆಯಾದ ಪಟ್ಟೆ, ಬಿಳಿ ಅಂಚು, ಇವೆಲ್ಲ ಹತ್ತಾರು ಕುಲಗಳಲ್ಲಿ ಒಂದೇ ತರಹ. ಮಳೆಯಲ್ಲಿ ನೆನೆದಾಗ ಒಂದು ಬಣ್ಣ, ಎರಡು ದಿನ ಬಿಸಿಲು ಬಿದ್ದರೆ ಇನ್ನೊಂದು. ಪಾಚಿ ಹತ್ತಿದ ಮೇಲಂತೂ ಹಸಿರೇ ಹಸಿರು. ಜೊತೆಗೆ ಅಮೆರಿಕ, ಯುರೋಪಿನ ಸಮಶೀತೋಷ್ಣ ಕಾಡುಗಳ ಫೋಟೋಗಳು ಅಲ್ಲಿ ಹೇರಳ, ನಮ್ಮ ಪಶ್ಚಿಮಘಟ್ಟದ್ದು ಕಡಿಮೆ. ಹಾಗಾಗಿ ಇಲ್ಲಿನ ಅಣಬೆಗೆ ಅಲ್ಲಿನ ಹೆಸರು ಅಂಟುವ ಸಾಧ್ಯತೆ ಯಾವಾಗಲೂ ಇರುತ್ತದೆ.

ಒಂದು ಅಣಬೆಯನ್ನೇ ಹಿಡಿದು ನೋಡೋಣ. ಅರ್ಲಿಯೆಲ್ಲ ಸ್ಕೇಬ್ರೋಸ. ಉಷ್ಣವಲಯದ ಉದ್ದಗಲಕ್ಕೂ ಇರುವ, ನಮ್ಮ ತೇವದ ಕಾಡುಗಳಲ್ಲಿ ಬಿದ್ದ ಕಾಂಡಗಳ ಮೇಲೆ ಧಾರಾಳವಾಗಿ ಸಿಗುವ ಮರದಣಬೆ. ಕ್ಯೂಬಾದಲ್ಲಿ ಕೆಲಸ ಮಾಡಿದ ಶಿಲೀಂಧ್ರ ವಿಜ್ಞಾನಿ ಅರ್ಲ್ ಅವರ ಹೆಸರಿನಲ್ಲಿ ಅಮೆರಿಕದ ವಿಜ್ಞಾನಿ ಮರಿಲ್ 1905ರಲ್ಲಿ ಈ ಕುಲವನ್ನು ಸ್ಥಾಪಿಸಿದರು. ಮೇಲಿನಿಂದ ನೋಡಿದರೆ ಬುಡದಲ್ಲಿ ಕೆಂಗಂದು, ಅಂಚಿಗೆ ಹೋದಂತೆ ಕೆನೆಬಿಳಿ. ಆ ಕೆಂಪು ಒಂದು ತೆಳು ಸಿಪ್ಪೆ. ಬುಡದಿಂದ ಹೊರಟು ಅಂಚಿನ ಕಡೆಗೆ ಹಬ್ಬುತ್ತಾ ಹೋಗುತ್ತದೆ, ಅದಕ್ಕೇ ಎಳೆಯದು ಪೂರಾ ಬಿಳಿ, ಬಲಿತದ್ದು ಮುಕ್ಕಾಲು ಕೆಂಪು. ದಪ್ಪ ಕೆಲವೇ ಮಿಲಿಮೀಟರ್. ಕಾಂಡದ ಪಕ್ಕೆಯಲ್ಲಾದರೆ ಹಲಗೆಯಂತೆ ಚಾಚುತ್ತದೆ, ಕಾಂಡದ ಅಡಿಯಲ್ಲಾದರೆ ಚಾಚದೆ ಹಾಸಿಕೊಂಡುಬಿಡುತ್ತದೆ. ಎರಡೂ ಒಂದೇ ಅಣಬೆ ಎಂದು ನಂಬುವುದು ಮೊದಲ ಸಲ ನೋಡುವವರಿಗೆ ಕಷ್ಟ.

ಈಗ ಮೇಲಿನ ಒಂದೇ ಫೋಟೋ ಹಾಕಿದರೆ? ಕೆಂಗಂದು ಮೈ, ಬಿಳಿ ಅಂಚು: ಗ್ಯಾನೋಡರ್ಮ, ಫೋಮಿಟಾಪ್ಸಿಸ್ ಎಂಬ ಬೇರೆ ಮರದಣಬೆ ಕುಲಗಳಿವೆ; ಎಳೆಯ ಗ್ಯಾನೋಡರ್ಮವೂ ಹೀಗೆಯೇ, ಫೋಮಿಟಾಪ್ಸಿಸ್ ಕೂಡ ಹೀಗೆಯೇ. ಫೋಟೋ ನೋಡಿ ಇವುಗಳಲ್ಲಿ ಒಂದನ್ನು ಆರಿಸುವುದು ಕಂಪ್ಯೂಟರಿಗಷ್ಟೇ ಅಲ್ಲ, ತಜ್ಞರಿಗೂ ಊಹೆಯೇ. ಆದರೆ ಅದನ್ನು ತಿರುವಿ ಹಾಕಿ 10 ಪಟ್ಟಿನ ಮಸೂರ ಹಿಡಿಯಿರಿ. ಅರ್ಲಿಯೆಲ್ಲದ ರಂಧ್ರಗಳು ದೊಡ್ಡವು, ಮಿಲಿಮೀಟರಿಗೆ ಎರಡೋ ಮೂರೋ. ಗುಂಡಗಿರುವುದಿಲ್ಲ, ಮೂಲೆಮೂಲೆಯಾಗಿ, ಅಲ್ಲಲ್ಲಿ ಎಳೆದು ಉದ್ದ ಮಾಡಿದಂತೆ, ಒಂದಕ್ಕೊಂದು ಕೂಡಿಕೊಂಡು ಓಣಿಗಳಂತೆ ಕಾಣುತ್ತವೆ. ಗ್ಯಾನೋಡರ್ಮದಲ್ಲಿ ರಂಧ್ರಗಳು ಸೂಜಿಯಲ್ಲಿ ಚುಚ್ಚಿದಷ್ಟು ಗುಂಡಗೆ, ಮಿಲಿಮೀಟರಿಗೆ ನಾಲ್ಕರಿಂದ ಆರು. ಚಾಕುವಿನಿಂದ ಸೀಳಿದರೆ ಅರ್ಲಿಯೆಲ್ಲದ ತಿರುಳು ಬಿಳಿ ಅಥವಾ ಕೆನೆ, ಗ್ಯಾನೋಡರ್ಮದ್ದು ಸಾಮಾನ್ಯವಾಗಿ ಕಂದು. ಅನುಮಾನ ಅಲ್ಲಿಗೆ ಮುಗಿಯಿತು. ಈ ಎರಡು ಫೋಟೋ ಇದ್ದರೆ ದೂರದ ಊರಿನ ತಜ್ಞರು ಅರ್ಧ ನಿಮಿಷದಲ್ಲಿ ಹೆಸರು ಹೇಳುತ್ತಾರೆ. ಇಲ್ಲದಿದ್ದರೆ ದಾಖಲೆ ವರ್ಷಗಟ್ಟಲೆ ‘ಫಂಗಸ್’ ಎಂದಷ್ಟೇ ಬಿದ್ದಿರುತ್ತದೆ.

ಆದ್ದರಿಂದ ಒಂದು ಮರದಣಬೆಗೆ ಐದು ಫೋಟೋ ಬೇಕು. ಮೇಲ್ಭಾಗ; ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಹತ್ತಿರದಿಂದ ಅಡಿಭಾಗ; ಮರಕ್ಕೆ ಹೇಗೆ ಅಂಟಿದೆ ಎಂಬುದು ಕಾಣುವಂತೆ ಪಕ್ಕದ ನೋಟ; ಸೀಳಿದ ತಿರುಳು; ಮತ್ತು ಮರ. ಅಳತೆಗೆ ನಾಣ್ಯ ಇಡುವ ರೂಢಿ ಇದೆ, ಬೇಡ. ಒಂದು ರೂಪಾಯಿ ನಾಣ್ಯದ ಗಾತ್ರವೇ ಸರಣಿಯಿಂದ ಸರಣಿಗೆ ಬದಲಾಗಿದೆ. 15 ಸೆಂಟಿಮೀಟರಿನ ಶಾಲಾ ಸ್ಕೇಲ್ ಸಾಕು, ಅದರ ಮಿಲಿಮೀಟರ್ ಗೆರೆಗಳು ರಂಧ್ರಗಳ ಜೊತೆಗೇ ಫೋಕಸ್‌ನಲ್ಲಿರಬೇಕು. ಮಿಲಿಮೀಟರಿಗೆ ಎಷ್ಟು ರಂಧ್ರ ಎಂದು ಎಣಿಸುವಾಗ ಒಂದೇ ಮಿಲಿಮೀಟರಿನಲ್ಲಿ ಎಣಿಸಬೇಡಿ. ಐದು ಮಿಲಿಮೀಟರಿನಲ್ಲಿ ಎಣಿಸಿ ಐದರಿಂದ ಭಾಗಿಸಿ. ಅಂಚಿನ ಹತ್ತಿರ ರಂಧ್ರ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಬುಡದಲ್ಲಿ ಎಳೆದಂತಿರುತ್ತವೆ, ನಡುಭಾಗವನ್ನೇ ಆರಿಸಿ.

ಅಡಿಭಾಗದ ಫೋಟೋಕ್ಕೆ ಅಣಬೆ ಕೀಳಲೇಬೇಕೆಂದಿಲ್ಲ. ಅಂಗೈಯಗಲದ ಕನ್ನಡಿಯನ್ನು ಕೆಳಗೆ ಓರೆಯಾಗಿ ಹಿಡಿದರೆ ರಂಧ್ರದ ಮೈ ಕಾಣುತ್ತದೆ, ಅಥವಾ ಫೋನಿನ ಸೆಲ್ಫಿ ಕ್ಯಾಮೆರಾ ಮೇಲ್ಮುಖವಾಗಿ ತೂರಿಸಬಹುದು. ಕಾಡಿನೊಳಗೆ ಬೆಳಕು ಕಡಿಮೆ, ಫ್ಲ್ಯಾಶ್ ಹಾಕಿದರೆ ಬಿಳಿ ರಂಧ್ರಮೈ ಸುಟ್ಟುಹೋದಂತೆ ಬೆಳ್ಳಗಾಗಿ ತೂತುಗಳೇ ಮಾಯ. ಫ್ಲ್ಯಾಶ್ ಬಂದ್ ಮಾಡಿ, ಬಿಳಿ ಕಾಗದ ಒಂದನ್ನು ನೆಲದ ಮೇಲೆ ಹಾಸಿ, ಅದರಿಂದ ಪುಟಿಯುವ ಬೆಳಕು ಸಾಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಕನ್ನಡಿಯೊಂದೇ ದಾರಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಅಲ್ಲಿಂದ ಏನನ್ನೂ ಕಿತ್ತು ತರುವಂತಿಲ್ಲ. ಸೀಳುವುದು, ಬೀಜಕದ (ಅಣಬೆ ಉದುರಿಸುವ ಬೀಜದಂಥ ಪುಡಿಯ) ಮುದ್ರೆ ತೆಗೆಯುವುದು ಎಲ್ಲ ಸ್ವಂತ ತೋಟ, ಬೆಟ್ಟಗಳಲ್ಲಿ ಮಾತ್ರ.

ಮರದ ಫೋಟೋ ಎಂದರೆ ದೂರದ ದೃಶ್ಯವಲ್ಲ. ಕೊಳೆತ ಕಟ್ಟಿಗೆಯ ಒಂದು ಚೂರನ್ನು ಮುರಿದು ತೋರಿಸಿ. ನಾರುನಾರಾಗಿ, ಬಿಳಿಚಿಕೊಂಡು, ಹಿಂಡಿದರೆ ಸ್ಪಂಜಿನಂತೆ ಇದ್ದರೆ ಬಿಳಿ ಕೊಳೆ: ಶಿಲೀಂಧ್ರ ಕಟ್ಟಿಗೆಗೆ ಗಡಸು ಕೊಡುವ ಲಿಗ್ನಿನ್ನನ್ನೂ ತಿಂದಿದೆ. ಕಂದಾಗಿ, ಚೌಕಚೌಕವಾಗಿ ಬಿರುಕುಬಿಟ್ಟು, ಬೆರಳಲ್ಲಿ ತಿಕ್ಕಿದರೆ ಪುಡಿಯಾದರೆ ಕಂದು ಕೊಳೆ: ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿದಿದೆ. ಅರ್ಲಿಯೆಲ್ಲ, ಗ್ಯಾನೋಡರ್ಮ, ಟ್ರಮೀಟಿಸ್ ಬಿಳಿ ಕೊಳೆಯವು; ಫೋಮಿಟಾಪ್ಸಿಸ್ ಕಂದು ಕೊಳೆಯದು. ಈ ಒಂದು ಫೋಟೋ ಅರ್ಧ ಪಟ್ಟಿಯನ್ನೇ ಹೊಡೆದುಹಾಕುತ್ತದೆ, ಆದರೆ ನೂರಕ್ಕೆ ಒಬ್ಬರೂ ಹಾಕುವುದಿಲ್ಲ ಎನ್ನುವಷ್ಟು ಅಪರೂಪ. ಮರದ ಜಾತಿ ಗೊತ್ತಿದ್ದರೆ ಹೊನ್ನೆ, ನಂದಿ, ಮಾವು, ಹಲಸು ಎಂದು ಟಿಪ್ಪಣಿಯಲ್ಲಿ ಕನ್ನಡದಲ್ಲೇ ಬರೆಯಿರಿ. ಗೊತ್ತಿಲ್ಲದಿದ್ದರೆ ಎಲೆಯ ಫೋಟೋ ಸೇರಿಸಿ.

ಐನ್ಯಾಚುರಲಿಸ್ಟಿನಲ್ಲಿ ಒಂದು ಗುಟ್ಟಿದೆ. ಅಪ್‌ಲೋಡ್ ಮಾಡುವಾಗ ಕಂಪ್ಯೂಟರ್ ಸಲಹೆ ನೋಡುವುದು ನೀವು ಮೊದಲಿಟ್ಟ ಫೋಟೋವನ್ನು. ಮೊದಲು ಮೇಲ್ಭಾಗ ಇಟ್ಟು ಸಲಹೆ ನೋಡಿ, ಆಮೇಲೆ ಅಡಿಭಾಗವನ್ನು ಮೊದಲಿಗೆ ತಂದು ಮತ್ತೆ ನೋಡಿ. ಎರಡೂ ಸಲ ಒಂದೇ ಕುಲ ಬಂದರೆ ಆ ಕುಲದ ಹೆಸರಿಡಿ. ಒಂದು ಸಲ ಟ್ರಮೀಟಿಸ್, ಇನ್ನೊಂದು ಸಲ ಗ್ಯಾನೋಡರ್ಮ ಬಂದರೆ ಎರಡನ್ನೂ ಬಿಟ್ಟು ‘ಪಾಲಿಪೊರೇಲೀಸ್’ ಎಂದು ಗಣದ ಮಟ್ಟಕ್ಕೆ ಏರಿ. ಪ್ರಭೇದದ ಹೆಸರಿನ ಆಸೆ ಬಿಡುವುದು ಕಷ್ಟ ಎಂಬುದು ನಿಜ. ಆದರೆ ಮೇಲಿನ ಮಟ್ಟದ ಸರಿಯಾದ ಹೆಸರನ್ನು ತಜ್ಞರು ಕೆಳಕ್ಕೆ ಇಳಿಸುತ್ತಾರೆ. ತಪ್ಪು ಪ್ರಭೇದದ ಹೆಸರು ಮಾತ್ರ ತಜ್ಞರ ಕಣ್ಣಿಗೇ ಬೀಳದ ಮೂಲೆಯಲ್ಲಿ ಅಡಗಿ ಕೂರುತ್ತದೆ. ಒಂದೇ ದಿಮ್ಮಿಯ ಮೇಲೆ ಮೂರು ಬಗೆ ಇದ್ದರೆ ಮೂರು ದಾಖಲೆ ಮಾಡಿ, ಒಂದರಲ್ಲಿ ತುರುಕಬೇಡಿ. ಇನ್ನೊಬ್ಬರು ಹೆಸರು ಸೂಚಿಸಿದ ಕೂಡಲೇ ಕೃತಜ್ಞತೆಗೆಂದು ‘ಅಗ್ರೀ’ ಒತ್ತಬೇಡಿ. ಕಾರಣ ಕೇಳಿ, ಕಾರಣ ನಿಮ್ಮ ಫೋಟೋದಲ್ಲಿ ಕಂಡರೆ ಮಾತ್ರ ಒಪ್ಪಿ.

ಕೆಲವನ್ನು ಮಾತ್ರ ಈ ಆ್ಯಪ್ ಮೇಲ್ನೋಟಕ್ಕೇ ನಂಬಿಕೆಯಿಂದ ಗುರುತಿಸಬಲ್ಲದು, ಏಕೆಂದರೆ ಆ ಅಣಬೆಗಳೇ ಹಾಗಿವೆ. ಮೈಕ್ರೋಪೋರಸ್ ಝ್ಯಾಂಥೋಪಸ್: ಬಿದ್ದ ರೆಂಬೆಗಳ ಮೇಲೆ ಪುಟ್ಟ ಆಲಿಕೆ ಇಟ್ಟಂತೆ, ಕಂದು ಬಳೆಗಳ ಮೈ, ಹಳದಿ ಕಾಲು. ಹೆಸರಿನ ಅರ್ಥವೇ ಹಳದಿ ಕಾಲಿನದು. ರಂಧ್ರಗಳು ಎಷ್ಟು ಸಣ್ಣವೆಂದರೆ ಮಿಲಿಮೀಟರಿಗೆ ಎಂಟರಿಂದ ಹತ್ತು, ಬರಿಗಣ್ಣಿಗೆ ಅಡಿ ನುಣುಪಾಗಿಯೇ ಕಾಣುತ್ತದೆ. ಕುಂಕುಮದ ಕಿತ್ತಳೆಯ ಪಿಕ್ನೋಪೋರಸ್ ಸ್ಯಾಂಗ್ವಿನಿಯಸ್ ಕುಲದ ಮಟ್ಟಕ್ಕಂತೂ ತಪ್ಪುವುದಿಲ್ಲ. ಜೇನುಹುಟ್ಟಿನಂಥ ದೊಡ್ಡ ಷಟ್ಕೋನ ಕೋಶಗಳ ಹೆಕ್ಸಗೋನಿಯ ಕೂಡ, ಅಡಿ ತೋರಿಸಿದರೆ. ಅಡಿಯಲ್ಲಿ ಸೀಳಿದ ಗರಿಗಳಿರುವ ಪುಟ್ಟ ಬೂದುಬಿಳಿ ಬೀಸಣಿಗೆ ಸ್ಕಿಜೋಫಿಲ್ಲಂ ಕಮ್ಯೂನ್. ಇನ್ನು ‘ಟರ್ಕಿ ಟೇಲ್’ ಎಂದು ಔಷಧದ ಡಬ್ಬಿಗಳಲ್ಲಿ ಹೆಸರು ಮಾಡಿರುವ ಟ್ರಮೀಟಿಸ್ ವರ್ಸಿಕಲರ್ ಎಂದುಕೊಂಡು ಹಾಕುವ ಬಹಳಷ್ಟು ಫೋಟೋಗಳು ಸ್ಟೀರಿಯಂ. ತಿರುವಿದರೆ ಸಾಕು: ಸ್ಟೀರಿಯಂ ಅಡಿಯಲ್ಲಿ ರಂಧ್ರವೇ ಇಲ್ಲ.

ಗ್ಯಾನೋಡರ್ಮದ ವಿಷಯ ಬಂದರೆ ಆ್ಯಪ್ ಮೇಲೂ, ಇಂಟರ್ನೆಟ್ಟಿನ ಮೇಲೂ ಭರವಸೆ ಕಡಿಮೆ ಮಾಡಿಕೊಳ್ಳಿ. ಕುಲ ಗುರುತಿಸುವುದು ಸುಲಭ. ಮೆರುಗೆಣ್ಣೆ ಹಚ್ಚಿದಂತೆ ಹೊಳೆಯುವ ಮೈ, ಅಥವಾ ಮಂಕು ಕಂದು ಮೈ. ಕೋಕೋ ಪುಡಿಯಂಥ ಬೀಜಕ ಸುತ್ತಲ ಎಲೆ, ಕಲ್ಲು, ತನ್ನದೇ ಬೆನ್ನ ಮೇಲೂ ಬಿದ್ದಿರುತ್ತದೆ. ಬಿಳಿ ರಂಧ್ರಮೈಯನ್ನು ಉಗುರಿನಲ್ಲಿ ಗೀರಿದರೆ ಕಂದು ಗೆರೆ ಮೂಡುತ್ತದೆ. ಆದರೆ ಪ್ರಭೇದ? ‘ಗ್ಯಾನೋಡರ್ಮ ಲೂಸಿಡಂ’ ಎಂಬ ಹೆಸರು ಹುಟ್ಟಿದ್ದು ಇಂಗ್ಲೆಂಡಿನ ಮಾದರಿಯೊಂದಕ್ಕೆ, 1781ರಲ್ಲಿ. ಏಷ್ಯಾದಲ್ಲಿ ಹೊಳೆಯುವ ಗ್ಯಾನೋಡರ್ಮಗಳಿಗೆಲ್ಲ ಅದೇ ಹೆಸರು ಹಚ್ಚುತ್ತಾ ಬಂದೆವು. ಚೀನಾದ ಪ್ರಸಿದ್ಧ ಔಷಧದ ಅಣಬೆ ಲಿಂಗ್‌ಝಿಯನ್ನೇ 2012ರಲ್ಲಿ ಬೇರೆ ಪ್ರಭೇದವೆಂದು ವರ್ಣಿಸಲಾಯಿತು. ನಮ್ಮ ತೋಟದಲ್ಲಿ ಸಿಕ್ಕಿದ್ದಕ್ಕೆ ಡಿಎನ್‌ಎ ನೋಡದೆ ಲೂಸಿಡಂ ಎನ್ನುವುದಕ್ಕಿಂತ ‘ಗ್ಯಾನೋಡರ್ಮ’ ಎಂದು ನಿಲ್ಲಿಸುವುದೇ ಪ್ರಾಮಾಣಿಕ. ಇದಕ್ಕೂ ಈ ಸೇವೆಯಲ್ಲಿ ದಾರಿ ಇದೆ, ಅದು ಮೆಚ್ಚಬೇಕಾದ ಸೌಲಭ್ಯ: ಇದಕ್ಕಿಂತ ನಿಖರವಾಗಿ ಹೇಳಲಾಗದು ಎಂದು ಸಮುದಾಯ ಗುರುತು ಹಾಕಿದರೆ ಕುಲದ ಮಟ್ಟದಲ್ಲೇ ರಿಸರ್ಚ್ ಗ್ರೇಡ್ ಸಿಗುತ್ತದೆ.

ಆ್ಯಪ್ ಮಾಡಲಾರದ ಎರಡು ಪರೀಕ್ಷೆಗಳನ್ನು ಮನೆಯಲ್ಲಿ ಮಾಡಿ ಫಲಿತಾಂಶದ ಫೋಟೋವನ್ನು ಅದೇ ದಾಖಲೆಗೆ ಸೇರಿಸಬಹುದು. ಒಂದು, ಬೀಜಕದ ಮುದ್ರೆ. ತಾಜಾ ಅಣಬೆಯ ತುಂಡನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ರಂಧ್ರ ಕೆಳಗಾಗಿ ಇಟ್ಟು ಬಟ್ಟಲು ಮುಚ್ಚಿ ಒಂದು ರಾತ್ರಿ ಬಿಡಿ. ಗ್ಯಾನೋಡರ್ಮದ ಕಂದು ಪುಡಿ ಬಿಳಿಯ ಮೇಲೆ, ಉಳಿದ ಬಹುಪಾಲು ಅಣಬೆಗಳ ಬಿಳಿ ಪುಡಿ ಕಪ್ಪಿನ ಮೇಲೆ ಕಾಣುತ್ತದೆ. ಏನೂ ಬೀಳದಿದ್ದರೆ ಕಾರಣ ಎರಡು: ಅಣಬೆ ಹಳತು, ಅಥವಾ ತುಂಡು ಓರೆಯಾಗಿದೆ. ಮರದ ಮೇಲೆ ಇದ್ದಾಗ ರಂಧ್ರದ ನಳಿಕೆಗಳು ನೆಟ್ಟಗೆ ನೆಲದ ಕಡೆಗಿರುತ್ತವೆ. ಓರೆ ಇಟ್ಟರೆ ಬೀಜಕ ಉದುರದೆ ನಳಿಕೆಯ ಗೋಡೆಗೇ ಅಂಟುತ್ತದೆ. ಬೆಂಕಿಕಡ್ಡಿ ಚೂರು ಊರಿ ಸಮ ಮಾಡಿ.

ಎರಡನೆಯದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಬಣ್ಣ ನೋಡುವ ಪರೀಕ್ಷೆ. 100 ಮಿಲಿಲೀಟರ್ ನೀರಿಗೆ 5 ಗ್ರಾಂ. ಹರಳನ್ನು ನೀರಿಗೆ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಬಿಸಿಯೇರಿ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕೈಗವಸು, ಕನ್ನಡಕ ಕಡ್ಡಾಯ. ಪ್ಲಾಸ್ಟಿಕ್ ಡ್ರಾಪರ್ ಶೀಶೆಯಲ್ಲಿಡಿ, ಅಲ್ಯೂಮಿನಿಯಂ ಪಾತ್ರೆಗೆ ತಾಕಿಸಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಶಕ್ತಿ ಕಳೆದುಕೊಳ್ಳುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಸೀಳಿದ ಕಂದು ತಿರುಳಿನ ಮೇಲೆ ಒಂದು ಹನಿ ಬಿಟ್ಟಾಗ ತಕ್ಷಣ ಕಪ್ಪಾಗಿ ಹಾಗೆಯೇ ಉಳಿದರೆ ಫೆಲ್ಲಿನಸ್ ಮತ್ತು ಅದರ ಬಳಗ. ಗ್ಯಾನೋಡರ್ಮದ ಕಂದು ತಿರುಳೂ ಕಪ್ಪಾಗಬಹುದು, ಅದಕ್ಕೇ ಬೀಜಕದ ಮುದ್ರೆ ಮೊದಲು.

ಮಸೂರ ಕೊಳ್ಳುವವರಿಗೆ ಒಂದು ಮಾತು. ಅಗ್ಗದ ಮಡಚುವ ಮಸೂರಗಳ ಮೇಲೆ 30, 40 ಎಂದು ಕೆತ್ತಿರುತ್ತದೆ, ನಂಬಬೇಡಿ. 10 ಪಟ್ಟಿನ ಮಸೂರದಲ್ಲಿ ವಸ್ತು ಸ್ಪಷ್ಟವಾಗುವುದು ಸುಮಾರು 25 ಮಿಲಿಮೀಟರ್ ದೂರದಲ್ಲಿ, ನಿಜವಾದ 30 ಪಟ್ಟಿನಲ್ಲಿ 8 ಮಿಲಿಮೀಟರಿನಲ್ಲಿ. ಸ್ಕೇಲ್ ಹಿಡಿದು ಅಳೆದರೆ ಅಂಗಡಿಯಲ್ಲೇ ಸತ್ಯ ಗೊತ್ತಾಗುತ್ತದೆ. ಮರದಣಬೆಗೆ ಒಳ್ಳೆಯ 10 ಪಟ್ಟಿನ ಟ್ರಿಪ್ಲೆಟ್, ಅಂದರೆ ಮೂರು ಗಾಜು ಸೇರಿಸಿದ ಮಸೂರ, ಸಾಕು.

ಸ್ಥಳದ ಮಾಹಿತಿಯಲ್ಲಿ ಸೇವೆ ಚೆನ್ನಾಗಿದೆ. ದಟ್ಟ ಕಾನಿನ ಕೆಳಗೆ ಜಿಪಿಎಸ್ ವೃತ್ತ ದೊಡ್ಡದಾಗಿರುತ್ತದೆ, ಒಂದೆರಡು ನಿಮಿಷ ನಿಂತು ಅದು ಕಿರಿದಾಗಲು ಬಿಡಿ. ಸ್ವಂತ ಜಮೀನಿನ ಗುರುತು ಬೇಡವೆಂದರೆ ‘ಆಬ್ಸ್‌ಕ್ಯೂರ್ಡ್’ ಆರಿಸಿ: ಚುಕ್ಕೆ 0.2 ಡಿಗ್ರಿ ಚೌಕದೊಳಗೆ, ಅಂದರೆ ಸುಮಾರು 22 ಕಿಲೋಮೀಟರ್ ಬದಿಯ ಚೌಕದಲ್ಲಿ, ಎಲ್ಲೋ ಒಂದು ಕಡೆ ತೋರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ದಾಖಲೆ ಉಳಿಸಿಕೊಂಡು ಮನೆಗೆ ಬಂದು ಕಳಿಸಬಹುದು. ಇದೇ ಸಂಸ್ಥೆಯ ‘ಸೀಕ್’ ಆ್ಯಪ್ ಮಕ್ಕಳಿಗೆ ಹಿತ, ಖಾತೆಯೂ ಬೇಡ. ಆದರೆ ಅದರಲ್ಲಿ ಮನುಷ್ಯರ ಉತ್ತರವಿಲ್ಲ, ಮರದಣಬೆಗೆ ಮನುಷ್ಯರೇ ಬೇಕು. 2006ರಿಂದ ನಡೆಯುತ್ತಿರುವ ಮಶ್ರೂಮ್ ಅಬ್ಸರ್ವರ್ ತಾಣ ಅಣಬೆಗಳಿಗೇ ಮೀಸಲು. ಸೂಕ್ಷ್ಮದರ್ಶಕ ಇರುವವರು ಅಲ್ಲೂ ಹಾಕಲಿ. ಉಷ್ಣವಲಯದ ಮರದಣಬೆ ಬಲ್ಲ ಕಣ್ಣುಗಳು ಎರಡೂ ಕಡೆ ಕಡಿಮೆ, ಉತ್ತರ ತಿಂಗಳುಗಟ್ಟಲೆ ತಡವಾಗಬಹುದು. ದಾಖಲೆ ಇಡಲು ಐನ್ಯಾಚುರಲಿಸ್ಟಿಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ನಿಂತ ನಿಲುವಿನಲ್ಲಿ ಮರದಣಬೆಯ ಪ್ರಭೇದ ಹೇಳುವುದಕ್ಕೆ ಎರಡಕ್ಕಿಂತ ಹೆಚ್ಚಿಲ್ಲ.

ಅಡಿಕೆ ಬೆಳೆಗಾರರಿಗೆ ಪ್ರತ್ಯೇಕವಾಗಿ ಹೇಳಬೇಕು. ಮರದ ಬುಡದಲ್ಲಿ ಗ್ಯಾನೋಡರ್ಮ ಕಂಡರೆ ಅದು ಅಣಬೆ ರೋಗ. ದಾಖಲೆ ಮಾಡುವಾಗ ‘ಕಲ್ಟಿವೇಟೆಡ್’ ಗುರುತು ಹಾಕಬೇಡಿ. ಮರ ನೆಟ್ಟದ್ದಾದರೂ ಶಿಲೀಂಧ್ರ ತಾನಾಗಿ ಬಂದದ್ದು. ಆದರೆ ಹೆಸರು ಬರಲಿ ಎಂದು ಕಾಯುತ್ತಾ ಕೂರುವ ರೋಗ ಇದಲ್ಲ. ಹೊರಸುತ್ತಿನ ಸೋಗೆ ಹಳದಿಯಾಗಿ ಜೋಲುವುದು, ಬುಡದಲ್ಲಿ ಕಂದು ರಸ ಒಸರುವುದು ಮೊದಲು. ಅಣಬೆ ಮೂಡುವುದು ಕೊನೆಗೆ, ಆ ಹೊತ್ತಿಗೆ ಒಳಗಿನ ಕಾಂಡ ಕೊಳೆತಿರುತ್ತದೆ. ಫೋಟೋ ತೆಗೆದ ದಿನವೇ ಆ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಅಗಳ ತೋಡಿ, ಬೇರಿನ ದಾರಿಯಲ್ಲಿ ಪಕ್ಕದ ಮರಕ್ಕೆ ಹೋಗುವುದನ್ನು ತಡೆಯಿರಿ. ಸತ್ತ ಮರ ಕಡಿದಾಗ ಬೊಡ್ಡೆಯನ್ನು ಬೇರುಸಮೇತ ಕಿತ್ತು ತೋಟದ ಹೊರಗೆ ಸುಡಿ. ನೆಲದೊಳಗೆ ಬಿಟ್ಟ ಬೊಡ್ಡೆಯ ಮೇಲೆ ಮುಂದಿನ ಮಳೆಗಾಲಕ್ಕೆ ಅದೇ ಅಣಬೆ ಮತ್ತೆ ಮೂಡುತ್ತದೆ.